ಅಂಬಾಸಿಡರಿಗೂ ಮಾರುತಿಗೂ ಒಂದು ಪರೀಕ್ಷೆ

ಕಳೆದ ಭಾನುವಾರ, ಬೆಳಿಗ್ಗೆ ಏಳು ಗಂಟೆ, ಕುಂದಾಪುರದ ನಮ್ಮ ಅಂಗಳ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಅವಳ ತಮ್ಮ ಮತ್ತು ಎರಡು ಕಾರು.

ಒಂದು ನನ್ನ ಅಂಬಾಸಿಡರ್. ಎಪ್ಪತ್ತರ ದಶಕದ್ದು, ಆರು ಜನ ಆರಾಮವಾಗಿ ಕೂರಬಹುದು. ಇನ್ನೊಂದು ಎಂಬತ್ತರ ದಶಕದ ಮಾರುತಿ, ಮಾವನವರು ಬಿಟ್ಟುಹೋದದ್ದು. (ಅದನ್ನು ಕಾರು ಎನ್ನಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.) ಶೆಡ್ಡಿನಲ್ಲಿ ಜಾಗ ಒಂದಕ್ಕೇ. ಆದ್ದರಿಂದ ಒಂದನ್ನು ಮಾರುವುದೆಂದು ತೀರ್ಮಾನವಾಗಿತ್ತು. ಯಾವುದನ್ನು?

ಪರೀಕ್ಷೆ ಇಡೋಣ ಎಂದೆ. ಸುಮ್ಮನೆ ತೀರ್ಪು ಕೊಡುವುದು ನನ್ನ ಕ್ರಮವಲ್ಲ. ವಂಡ್ಸೆಯ ನೆಂಟರ ಮನೆಯ ಪೂಜೆಗೆ ಎರಡೂ ಕಾರು ಹೋಗಿ ಬರಬೇಕು. ಮನೆಯವರಿಗೆ ಯಾವುದು ಹಿತವೋ ಅದು ಉಳಿಯಬೇಕು. ತೀರ್ಪು ಹೆಂಡತಿಯದು. ಸೀಟಿನ ಅಗಲ ನೋಡಿದರೆ ಗೆಲುವು ನನ್ನದೇ. ಅಲ್ಲವೇ?

ಹೆಂಡತಿ ಹೋಗಿ ಮಾರುತಿಯಲ್ಲಿ ತಮ್ಮನ ಪಕ್ಕ ಕುಳಿತಳು. ಸಣ್ಣದರ ಕಷ್ಟ ಮೊದಲು ತಿಳಿಯಲಿ ಎಂದು ನಾನೊಬ್ಬನೇ ಅಂಬಾಸಿಡರ್ ಹೊರಡಿಸಿದೆ.

ದಾರಿಯ ಹೆಮ್ಮಾಡಿಯಲ್ಲಿ ಹೆಂಡತಿಯ ಚಿಕ್ಕಮ್ಮ ಪೂಜೆಗೆ ಬರಲು ಮೂವರು ಸೊಸೆಯಂದಿರ ಜೊತೆ ಕಾದು ನಿಂತಿದ್ದರು. ನಾನು ಇಳಿದು ಅಂಬಾಸಿಡರಿನ ಹಿಂದಿನ ಬಾಗಿಲು ತೆರೆದು ಹಿಡಿದೆ.

"ಬ್ಯಾಡ ಮಾರಾಯ್ರೆ," ಎಂದರು ಚಿಕ್ಕಮ್ಮ. "ನಿಮ್ಮ್ ಕಾರಂಗೆ ಮಾತಾಡುಕಿಲ್ಲೆ, ತಿಂಬುಕಿಲ್ಲೆ. ಕಿಟ್ಕಿ ತೆಗುಕೂ ನಿಮ್ಮನ್ನ್ ಕೇಣ್ಕ್." (ಮಾತು ಬೇಡ, ತಿಂಡಿ ಬೇಡ, ಕಿಟಕಿಗೆ ನನ್ನ ಅಪ್ಪಣೆ ಬೇಕು: ಅದು ನನ್ನ ಕಾರಿನ ಶಿಸ್ತು.)

ನಾಲ್ವರೂ ಮಾರುತಿಯ ಹಿಂದಿನ ಸೀಟಿಗೆ ತೂರಿಕೊಂಡರು, ಕಿರಿಯ ಸೊಸೆ ಹಿರಿಯವಳ ತೊಡೆಯ ಮೇಲೆ.

"ಭಾವಾ, ನಿಮ್ಮ್ ಗಾಡಿ ಖಾಲಿ ಇತ್ತಲೆ, ಬೇಗ ಬನ್ನಿ," ಎಂದು ಹೆಂಡತಿಯ ತಮ್ಮ ಹೊರಟೇಬಿಟ್ಟ.

ಮುಂದಿನ ಆ ಡಬ್ಬಿಯಿಂದ ನಗು, ನೆಲಗಡಲೆ ಸಿಪ್ಪೆ ಎರಡೂ ಹೊರಗೆ ಹಾರುತ್ತಿದ್ದವು. ನನ್ನ ಕಾರಿನಲ್ಲಿ? ಇಂಜಿನ್ನಿನ ಸದ್ದನ್ನು ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು.

ಊಟವಾದ ಮೇಲೆ ಹೆಂಡತಿಯನ್ನು ಕೇಳಿದೆ, "ಹಾಗಾದರೆ ಅಂಬಾಸಿಡರನ್ನು ಮಾರುವುದೇ?" ಸ್ವರ ತುಸು ಇಳಿದಿತ್ತು.

"ಹ್ವಾಯ್, ಗಾಡಿದೆಂತ ತಪ್ಪ್?" ಎಂದಳು. "ಬಪ್ಪತಿಗೆ ಅದನ್ನ ತಮ್ಮ ಬಿಡ್ಲಿ, ನೀವ್ ಮಾರುತಿ ಬಿಡಿ. ಯಾರ್ ಎಲ್ಲಿ ಕೂಕಂತ್ರ್ ಕಾಂಬ."

ಹಾಗೆಯೇ ಮಾಡಿದೆವು, ವಾಪಸು ಬರುವಾಗ ಚಾಲಕರು ಅದಲುಬದಲಾದರು. ಅಂಬಾಸಿಡರ್ ತುಂಬಿತು. ಮಾರುತಿಯಲ್ಲಿ ನಾನೊಬ್ಬನೇ. ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು: ಸಣ್ಣ ಕಾರಿನಲ್ಲಿ ಖಾಲಿ ಸೀಟು ಕಡಿಮೆ.

ತೀರ್ಪು ಬಂತು. ಅಂಬಾಸಿಡರ್ ಉಳಿಯಿತು, ಮಾರುತಿ ಮಾರಾಟಕ್ಕೆ. ಸಂಜೆ ಅಂಬಾಸಿಡರನ್ನು ಶೆಡ್ಡಿಗೆ ಬಿಟ್ಟು, ಬಾಗಿಲು ಹಾಕಿ, ಹೆಂಡತಿಯ ಅಪ್ಪಣೆಯಂತೆ ಕೀಲಿಯನ್ನು ಅವಳ ತಮ್ಮನ ಕೈಗಿಟ್ಟೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ನೀವೇ ಹೇಳಿ, ಗೆದ್ದ ಕಾರಿನಲ್ಲಿ ನನಗೂ ಒಂದು ಸೀಟು ಸಿಕ್ಕೀತೇ?