ಸಿರುಗುಪ್ಪದ ಹುಲ್ಲುಗಾವಲಿಗೆ ಕೊನೆಯ ಸರ್ಕೀಟು

ಶ್ರಾವಣ ಹುಟ್ಟಿದ ವಾರದಲ್ಲಿ ಬೆಳಗಿನ ಮೊದಲ ಬಸ್ಸಿಗೆ ಬಳ್ಳಾರಿ ಬಿಟ್ಟೆ. ಹಾಸಿಗೆಯ ಸುರುಳಿ, ದುರ್ಬೀನು, ಮನೆಯವಳು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿ, ಇಷ್ಟೇ ನನ್ನ ಸಾಮಾನು. ಸಿರುಗುಪ್ಪಕ್ಕೆ ಸುಮಾರು ಮೂವತ್ತೈದು ಮೈಲಿ, ಚಾರ್ಜು ಒಂದು ರೂಪಾಯಿಯ ಮೇಲೆ ಚಿಲ್ಲರೆ. ಆಗ ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು, ತುಂಗಭದ್ರೆಗೆ ಅಣೆಕಟ್ಟು ಏಳುತ್ತಿತ್ತು. ನಾನು ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದೆ.

ಆ ಸರ್ಕೀಟಿಗೆ ಹೊರಡಲು ನನಗೆ ಮನಸ್ಸಿರಲಿಲ್ಲ. ಸಿರುಗುಪ್ಪದಾಚೆ ಎರೆಭೂಮಿಯಲ್ಲಿ ಒಂದು ದೊಡ್ಡ ಬೀಳು ನೆಲವಿತ್ತು. ಮೂರು ಮಳೆಗಾಲದಿಂದ ಅದನ್ನು ದನ, ಕುರಿ, ಕೋವಿ ಯಾವುದೂ ಹೋಗದಂತೆ ಕಾದು ಹುಲ್ಲು ಬೆಳೆಸಿದ್ದೆವು. ಮೇಲಿನವರಿಗೆ ಮೇವಿನ ಸಲುವಾಗಿ ಎಂದು ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಚಿಗರಿಗಳು, ಅವಕ್ಕಿಂತ ಹೆಚ್ಚಾಗಿ ಎರೆಭೂತ. ಆಳಿನ ಸೊಂಟದೆತ್ತರ ನಿಲ್ಲುವ ಆ ಹಕ್ಕಿ ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲೋ ಇದ್ದದ್ದು, ಕೋವಿಯವರ ಕಾಟಕ್ಕೆ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಈಗ ಕಾಲುವೆ ಆ ಕಡೆಯೇ ಹಾಯುವುದರಿಂದ ಬೀಳನ್ನು ಸಾಗುವಳಿಗೆ ಹಂಚುವುದೆಂದು ಹುಕುಂ ಬಂದಿತ್ತು. ಅಲ್ಲಿಯ ನಮ್ಮ ಗಾರ್ಡುಗಳು ಇನ್ನು ಕುರುಗೋಡಿನ ಗುಡ್ಡಗಳನ್ನು ಕಾಯಬೇಕು. ಇದನ್ನು ಟಪಾಲಿನಲ್ಲಿ ತಿಳಿಸಲು ಮನಸ್ಸಾಗದೆ ನಾನೇ ಹೊರಟಿದ್ದೆ.

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಸಿರುಗುಪ್ಪದ ಹತ್ತಿ ವ್ಯಾಪಾರಿ. ದಾರಿಯುದ್ದಕ್ಕೂ ಕಾಲುವೆಯ ಮಾತೇ. "ಇನ್ನೇನ್ ಸ್ವಲ್ಪ ದಿನ ರೀ, ಜ್ವಾಳ ತಿನ್ನೋ ಮಂದಿ ಅನ್ನ ಉಣ್ತಾರ ನೋಡ್ರಿ," ಎಂದರು. ನನ್ನ ಇಲಾಖೆ ಯಾವುದೆಂದು ಕೇಳಿದರು. ಹೇಳಿದಾಗ ಹೊರಗೆ ಕೈ ತೋರಿಸಿ ನಕ್ಕರು. "ನಮ್ ಕಡಿ ಅಡವಿ ಎಲ್ಲೈತ್ರಿ? ಒಂದು ಜಾಲಿ ಗಿಡ ಹುಡುಕಾಕ ಹರದಾರಿ ನಡೀಬೇಕು." ನಾನೂ ನಕ್ಕೆ. ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಅವರೇ ನನಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದರು. ಒಳ್ಳೆಯ ಮನುಷ್ಯರು. ಅವರ ಸಂತೋಷವನ್ನು ತಪ್ಪೆನ್ನಲು ನನಗೆ ಯಾವ ಕಾರಣವೂ ಸಿಗಲಿಲ್ಲ.

ಸಿರುಗುಪ್ಪದಲ್ಲಿ ಇಳಿಯುವಾಗ ಗಾರ್ಡು ಹುಸೇನ್‌ಸಾಬರು ಕಾಯುತ್ತ ನಿಂತಿದ್ದರು. ಮೋಕ ಎಂಬ ಊರಿನವರು, ನನಗಿಂತ ವಯಸ್ಸಿನಲ್ಲಿ ಹಿರಿಯರು. ಸಲಾಮು ಮಾಡಿದವರೇ ನನ್ನ ಹಾಸಿಗೆ ಕಿತ್ತುಕೊಂಡರು.

"ಸಾಹೇಬ್ರ, ಚಾ ಆಮ್ಯಾಲೆ ಕುಡೀರಿ. ಹಕ್ಕಿ ತತ್ತಿ ಇಟ್ಟೈತಿ. ಮೊದಲು ಅದನ್ನ ನೋಡ್ರಿ."

ಹುಕುಮಿನ ಸುದ್ದಿಯನ್ನು ಆಮೇಲಕ್ಕೆ ಇಟ್ಟುಕೊಂಡೆ. ಬಾಡಿಗೆ ಬಂಡಿಯಲ್ಲಿ ಹೊರಟೆವು. ಆ ವರ್ಷ ಮಳೆ ಹಿಂದಾಗಿತ್ತು. ಮೋಡ ಮೇಲೆಯೇ ಓಡುತ್ತಿದ್ದವು, ಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ದಾರಿಯ ಎರಡೂ ಬದಿಯ ಹೊಲಗಳು ಬಿರುಕು ಬಿಟ್ಟು ಕರ್ರಗೆ ಬಿದ್ದಿದ್ದವು. ಬೀಳಿನ ಅಂಚು ಬಂದಾಗ ಮಾತ್ರ ನೆಲದ ಬಣ್ಣವೇ ಬೇರೆಯಾಯಿತು. ಹೋದ ವರ್ಷದ ಒಣಹುಲ್ಲು ಮೊಣಕಾಲೆತ್ತರ ನಿಂತು, ಒಂದೇ ಕಡೆಗೆ ಬಾಗಿ ಏಳುತ್ತಿತ್ತು. ನಾವು ಮೊದಲು ಬಂದಾಗ ಅಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

ಕಿರಿಯ ಗಾರ್ಡು ಬಸಪ್ಪ ಹುಲ್ಲಿನೊಳಗಿಂದ ಎದ್ದು ಬಂದು, ಮಾತಾಡಬೇಡಿ ಎಂದು ಕೈಸನ್ನೆ ಮಾಡಿದ. ಮೂವರೂ ಬದುವಿನ ಹಿಂದೆ ಮಲಗಿ ಸರದಿಯಂತೆ ದುರ್ಬೀನು ಹಿಡಿದೆವು. ಹುಲ್ಲಿನ ನಡುವಿನ ಬಯಲಿನಲ್ಲಿ ಹೆಣ್ಣು ಹಕ್ಕಿ ಕುಳಿತಿತ್ತು. ಬೆನ್ನು ಒಣಹುಲ್ಲಿನದೇ ಬಣ್ಣ, ಕತ್ತು ಮಾತ್ರ ಬೆಳ್ಳಗೆ. ಸ್ವಲ್ಪ ಹೊತ್ತಿಗೆ ಎದ್ದು ತತ್ತಿಯನ್ನು ಕೊಕ್ಕಿನಿಂದ ಮಗುಚಿ ಮತ್ತೆ ಕುಳಿತಿತು. ವರ್ಷಕ್ಕೆ ಒಂದೇ ತತ್ತಿ ಇಡುವ ಹಕ್ಕಿ ಅದು. ಹುಸೇನ್‌ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೊಗಳುತ್ತೇನೆಂದು ಕಾಯುತ್ತಿದ್ದರೆಂದು ತೋರುತ್ತದೆ. ನಾನು ಹುಕುಮಿನ ವಿಷಯ ಹೇಳಿದೆ.

ಬಸಪ್ಪ, "ಮತ್ತ ನಮ್ಮ ನೌಕರಿ?" ಎಂದ. ಅದಕ್ಕೆ ಭಯವಿಲ್ಲ, ಇಬ್ಬರಿಗೂ ಕುರುಗೋಡಿಗೆ ವರ್ಗ ಎಂದೆ. ಹುಸೇನ್‌ಸಾಬರು ಮಾತ್ರ, "ಕುರಿಯವರಿಗೆ ಯಾರು ಹೇಳೋರು?" ಎಂದರು.

ಬೀಳು ಮುಚ್ಚುವ ಮೊದಲು ಅದು ಸುತ್ತಲಿನ ಕುರುಬರ ಮೇವಿನ ನೆಲ. ನಾವು ಕಾನೂನು ತೋರಿಸಿ ಅವರನ್ನು ಹೊರಗಿಟ್ಟಿರಲಿಲ್ಲ. ಹುಸೇನ್‌ಸಾಬರು ಒಂದೊಂದು ಹಟ್ಟಿಗೂ ಹೋಗಿ ಕುಳಿತು, ಹುಲ್ಲು ಬಲಿತ ಮೇಲೆ ಬರಗಾಲಕ್ಕೆ ನಿಮಗೇ ಆಗುತ್ತದೆ ಎಂದು ಒಪ್ಪಿಸಿದ್ದರು. ಅವರ ಮಾತಿನ ಮೇಲೆ ಜನ ಮೂರು ವರ್ಷ ದೂರದ ಬಯಲಿಗೆ ಕುರಿ ಹೊಡೆದುಕೊಂಡು ಹೋಗಿದ್ದರು.

ಅಲ್ಲಿಯೇ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ ಬಂತು. ಸರ್ವೆಯವರು ಬರಲು ಇನ್ನೂ ಸಮಯವಿದೆ, ಬೇಕಾದರೆ ನಾನು ಹೇಳಿ ಮತ್ತಷ್ಟು ತಡೆಯುತ್ತೇನೆ, ಮರಿಯಾಗುವವರೆಗೆ ಸುಮ್ಮನಿದ್ದುಬಿಡೋಣ ಎಂದೆ.

"ಮಳಿ ಇಲ್ಲ, ಮೇವಿಲ್ಲ, ದಿನಾ ಕುರಿ ಸಾಯಾಕ ಹತ್ಯಾವು," ಎಂದರು ಹುಸೇನ್‌ಸಾಬರು. "ಈ ಹುಲ್ಲು ಇನ್ನ ನಮ್ದಲ್ಲ ಅಂತ ಗೊತ್ತಿದ್ದೂ ನಾ ಅವರನ್ನ ತಡೀಲೇನ್ರಿ? ನಾಳಿ ಸರ್ವೆಯವ್ರ ಬಾಯಿಂದ ಕೇಳಿದ್ರ, ಇವನೌನ್ ಸಾಬ ನಮಗ ಮೋಸ ಮಾಡಿದ ಅಂತಾರ. ಇವತ್ತೇ ಹೇಳ್ತೀನಿ. ತತ್ತಿ ಇರೋ ಕಡಿ ಬಿಡ್ರಿ ಅಂತ ಕಾಲ್ ಬೀಳ್ತೀನಿ."

ನಾನು ಅಧಿಕಾರ ತೋರಿಸಿ ಬೇಡವೆನ್ನಬಹುದಿತ್ತು. ಅವರು ಹೇಳಿದ್ದು ನ್ಯಾಯವೆನಿಸಿತು. ಆಗಲಿ ಎಂದೆ.

ಮಧ್ಯಾಹ್ನದ ಊಟ ಈರಮ್ಮನ ಗುಡಿಸಲಿನಲ್ಲಿ. ಬೀಳಿನ ಅಂಚಿನಲ್ಲೇ ಇದ್ದ, ಕೂಲಿನಾಲಿ ಮಾಡಿಕೊಂಡಿದ್ದ ಹೆಣ್ಣುಮಗಳು ಆಕೆ. ಹಕ್ಕಿ ಕುಳಿತ ದಿನದಿಂದ ತನ್ನ ನಾಯಿಯನ್ನು ಕಟ್ಟಿಹಾಕಿದ್ದಳಂತೆ. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಬಡಿಸಿದಳು. ಹಂಚುವ ನೆಲದಲ್ಲಿ ತನಗೂ ಒಂದು ತುಂಡು ಸಿಗಬಹುದೆಂದು ಆಕೆ ಆಗಲೇ ಬಸಪ್ಪನಿಂದ ಕೇಳಿ ತಿಳಿದಿದ್ದಳು.

"ನಾ ಸುಳ್ಳು ಹೇಳೋದಿಲ್ರಿ ಸಾಹೇಬ್ರ. ನನಗ ಖುಷಿ ಆಗೇತಿ. ಹುಟ್ಟಿದಾಗಿಂದ ಇನ್ನೊಬ್ರ ಹೊಲದಾಗ ಬಗ್ಗೀನಿ," ಎಂದಳು. ಆಮೇಲೆ ಹುಸೇನ್‌ಸಾಬರ ಕಡೆ ತಿರುಗಿ, "ಸಾಬಣ್ಣ, ನಿನ್ನ ಮುಖ ನೋಡಿದ್ರ ಮಾತ್ರ ನಗಾಕ ಆಗವಲ್ದು. ಇನ್ನೊಂದು ರೊಟ್ಟಿ ತಗೋ," ಎಂದಳು. ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

ಸಂಜೆಯೊಳಗೆ ಅವರು ಹಟ್ಟಿಗಳಿಗೆ ಹೋಗಿ ಬಂದರು. ಯಾರೂ ಬೈಯಲಿಲ್ಲವಂತೆ. ಕುರಿಗಾರರ ಹಿರಿಯ ಬೀರಪ್ಪ, ತತ್ತಿಯ ಜಾಗಕ್ಕೆ ಒಂದು ಕುರಿಯನ್ನೂ ಬಿಡುವುದಿಲ್ಲ ಎಂದು ದೇವರ ಭಂಡಾರ ಮುಟ್ಟಿ ಹೇಳಿದನಂತೆ.

ಮರುದಿನ ಬೆಳಗಾಗುತ್ತಲೇ ಕುರಿಗಳು ಬಂದವು. ಅಷ್ಟು ಹಿಂಡುಗಳನ್ನು ನಾನು ಒಂದೇ ಕಡೆ ಕಂಡಿರಲಿಲ್ಲ. ಹಸಿದ ಕುರಿಗಳು ತಲೆಯೆತ್ತದೆ ಮೇಯುತ್ತ ಮುಂದೆ ಸಾಗಿದವು. ಚಿಗರಿಗಳ ಗುಂಪೊಂದು ಎದ್ದು, ನೆಗೆದು, ಮೂಡಣ ದಿಕ್ಕಿಗೆ ಓಡಿಹೋಯಿತು. ಬೀರಪ್ಪ ಹೇಳಿದಂತೆಯೇ ನಡೆದ. ತತ್ತಿಯ ಸುತ್ತ ದೊಡ್ಡ ಕಣದಷ್ಟು ಜಾಗ ಬಿಟ್ಟು, ಅವನ ಕಡೆಯವರು ಕೋಲು ಹಿಡಿದು ಅಡ್ಡ ನಿಂತರು. ಒಂದು ಕುರಿಮರಿ ನುಗ್ಗಿದ್ದನ್ನು ಬೀರಪ್ಪನೇ ಓಡಿಹೋಗಿ ಎತ್ತಿಕೊಂಡು ಬಂದ.

ಆದರೆ ಹಕ್ಕಿಗೆ ಅದೆಲ್ಲ ಹೇಗೆ ತಿಳಿಯಬೇಕು? ಮೊದಲು ಕತ್ತು ನಿಗುರಿಸಿ ನಿಂತಿತು. ನಾಲ್ಕು ಹೆಜ್ಜೆ ನಡೆಯಿತು, ಮತ್ತೆ ನಿಂತಿತು. ಒಬ್ಬ ಕುರಿಗಾರ ದಾರಿ ತಪ್ಪಿದ ಕುರಿಯನ್ನು ಕೂಗಿ ಕರೆದ. ಆಗ ಅದು ಅಗಲವಾದ ರೆಕ್ಕೆ ಬಿಚ್ಚಿ, ಓಡಿ, ಭಾರವಾಗಿ ಮೇಲೆದ್ದು, ಕುರಿಗಳ ಮೇಲಿಂದ ಹಾರಿ ನದಿಯ ಕಡೆ ಹೋಯಿತು. ಎಲ್ಲರೂ ತಲೆಯೆತ್ತಿ ನೋಡಿದರು. "ಬರ್ತೈತಿ ಬಿಡ್ರಿ, ತತ್ತಿ ಬಿಟ್ಟು ಎಲ್ಲಿಗೆ ಹೊಕ್ಕೈತಿ?" ಎಂದ ಬೀರಪ್ಪ.

ಅಂದು ಹೊತ್ತು ಮುಳುಗುವವರೆಗೂ ಬದುವಿನ ಹಿಂದೆ ಕಾದೆವು. ಬರಲಿಲ್ಲ. ಬಯಲೆಲ್ಲ ಬೋಳಾಗಿತ್ತು. ನಡುವೆ ಆ ಒಂದು ಗುಂಡನೆಯ ಜಾಗದಲ್ಲಿ ಮಾತ್ರ ಹುಲ್ಲು ನಿಂತಿತ್ತು.

ಮೂರನೆಯ ದಿನ ನಾನು ಕುರುಗೋಡಿಗೆ ಹೋಗಲೇಬೇಕಿತ್ತು. ಅಲ್ಲಿಯ ಹಿರಿಯರಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದೆ. "ನೀವು ನಡೀರಿ, ನಾ ಆಮ್ಯಾಲೆ ಬರ್ತೀನಿ," ಎಂದರು ಹುಸೇನ್‌ಸಾಬರು. ಬಸಪ್ಪನನ್ನು ಕರೆದುಕೊಂಡು ತೆಕ್ಕಲಕೋಟೆಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಬಂಡಿಯಲ್ಲಿ ಹೊರಟೆ. ದಾರಿಯಲ್ಲಿ ಒಂದು ಹದ ಮಳೆ ಬಂತು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ಇಳಿದು ಇಳಿದು ಕೆತ್ತಿ ತೆಗೆಯಬೇಕಾಯಿತು. ಕುರುಗೋಡು ಸೇರುವಾಗ ದೀಪ ಹಚ್ಚುವ ಹೊತ್ತು.

ಬೆಳಿಗ್ಗೆ ಎದ್ದು ನೋಡಿದರೆ ಸುತ್ತ ಕಲ್ಲೇ ಕಲ್ಲು. ಬಂಡೆಯ ಮೇಲೆ ಬಂಡೆ ಒಟ್ಟಿದಂಥ ಗುಡ್ಡ, ಕೆಳಗೆ ಹಳೆಯ ಕಲ್ಲುಗುಡಿಗಳ ಸಾಲು, ಸೀತಾಫಲದ ಪೊದೆಗಳು. ನವಿಲು ಕೂಗುತ್ತಿದ್ದವು. ಮೇಲಿನ ಗವಿಯ ಬಾಯಲ್ಲಿ ಕರಡಿಯ ಹೆಜ್ಜೆ ಸ್ಪಷ್ಟವಾಗಿ ಮೂಡಿತ್ತು. ಬಸಪ್ಪನಿಗೆ ಹುರುಪು ಬಂತು. "ಇಲ್ಲೂ ಭಾಳ ಅದಾವ್ರಿ ಸಾಹೇಬ್ರ," ಎಂದ. ನಿಜ. ನನಗೂ ಸಂತೋಷವಾಗಬೇಕಿತ್ತು.

ಊರ ಹಿರಿಯರು ಗುಡಿಯ ಕಟ್ಟೆಯ ಮೇಲೆ ಸೇರಿದರು. ಗುಡ್ಡದಲ್ಲಿ ಸೌದೆ ಕಡಿಯಬಾರದು, ಬೇಟೆಯಾಡಬಾರದು, ಆಡು ಬಿಡಬಾರದು ಎಂದೆ. ವಾದಕ್ಕೆ ತಯಾರಾಗಿ ಹೋಗಿದ್ದೆ. ಒಬ್ಬರು ಅಡಿಕೆ ಅಗಿಯುತ್ತ, "ಕಲ್ಲು ಕಾಯಾಕ ಬಂದೀರೇನ್ರಿ? ಕಾಯ್ರಿ. ಅಲ್ಲಿ ಒಕ್ಕಲುತನ ಮಾಡಾಕ ಆಕ್ಕೈತೇನು?" ಎಂದರು. ಎಲ್ಲರೂ ಒಪ್ಪಿ ಎದ್ದುಬಿಟ್ಟರು. ಸಿರುಗುಪ್ಪದಲ್ಲಿ ಒಂದು ವರ್ಷ ಹಟ್ಟಿ ಹಟ್ಟಿ ತಿರುಗಿ ಪಡೆದ ಒಪ್ಪಿಗೆ ಇಲ್ಲಿ ಒಂದು ತಾಸಿನಲ್ಲಿ ಸಿಕ್ಕಿತು. ನೇಗಿಲು ಹೋಗದ ಕಡೆ ಕಾಡು ಪ್ರಾಣಿಗೆ ಜಾಗ ಕೊಡಲು ಯಾರಿಗೂ ಬೇಸರವಿಲ್ಲ. ಎರೆಭೂತದ ದುರ್ದೈವವೆಂದರೆ ಅದು ಒಳ್ಳೆಯ ನೆಲವನ್ನೇ ಮೆಚ್ಚಿತ್ತು.

ಐದನೆಯ ದಿನ ನಾನು ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಾಗ ಹುಸೇನ್‌ಸಾಬರು ಬಂದರು. ಮೊಣಕಾಲಿನವರೆಗೆ ಕೆಸರಾಗಿತ್ತು, ಹೆಗಲ ಮೇಲೆ ಟ್ರಂಕು.

"ಬರಲಿಲ್ರಿ," ಎಂದರು. "ಎರಡು ದಿನ ಕುಂತೆ. ನಿನ್ನಿ ಮುಂಜಾನಿ ಕಾಗಿ ಬಂದ್ವು. ಓಡಿಸಿದೆ. ಆಮ್ಯಾಲೆ ಯಾಕ ಓಡಿಸ್ಬೇಕು ಅನ್ನಿಸ್ತು. ಎದ್ದು ಬಂದೆ."

ಚಹಾದಂಗಡಿಗೆ ಕರೆದೊಯ್ದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರು. ನಾವು ಸುಮ್ಮನಿದ್ದಿದ್ದರೆ ಮರಿಯಾಗುತ್ತಿತ್ತೇನೋ ಎಂದು ನನಗೆ ಅನಿಸುತ್ತಲೇ ಇತ್ತು. ಅವರೇ ಹೇಳಿದರು: "ಹೇಳಿದ್ದು ತಪ್ಪಾತು ಅಂತ ನಾ ಅನ್ನೋದಿಲ್ಲ ಸಾಹೇಬ್ರ. ಆದ್ರ ಆ ಹಕ್ಕಿ ಹಾರಿದ್ದು ಕಣ್ಣಾಗಿಂದ ಹೋಗವಲ್ದು."

ಬಸ್ಸು ಬಂತು. ಟ್ರಂಕನ್ನು ಎಲ್ಲಿಡಬೇಕೆಂದು ಬಸಪ್ಪ ಅವರಿಗೆ ತೋರಿಸುತ್ತಿದ್ದ. ನಾನು ಹತ್ತಿ ಕುಳಿತ ಮೇಲೆ ಅವರು ಕಿಟಕಿಯ ಹತ್ತಿರ ಬಂದರು.

"ಇಲ್ಲಿ ಮಂದಿಗೆ ಎಷ್ಟು ವರ್ಷ ಗುಡ್ಡ ಬಿಡಬೇಕು ಅಂತ ಹೇಳ್ಲಿ?"

"ವರ್ಷ ಹೇಳಬ್ಯಾಡ್ರಿ," ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ, ನಾನು ಹೀಗೇ ಹೇಳುತ್ತೇನೆಂದು ಗೊತ್ತಿತ್ತೋ ತಿಳಿಯದು.

ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹಿಂದಿರುಗಿ ನೋಡಿದೆ. ಗುಡ್ಡದ ಕಡೆಯಿಂದ ಆಡು ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬನನ್ನು ಹುಸೇನ್‌ಸಾಬರು ನಿಲ್ಲಿಸಿದ್ದರು. ಕೆಸರುಗಾಲಿನಲ್ಲೇ ನಿಂತು, ಗುಡ್ಡ ತೋರಿಸಿ, ಕೈಯಾಡಿಸಿ ಏನೋ ಹೇಳುತ್ತಿದ್ದರು. ಮುದುಕ ಕೋಲೂರಿ ಕೇಳುತ್ತಿದ್ದ. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದು ಮಾತೂ ಕೇಳಿಸಲಿಲ್ಲ.