ಮಾರ್ಟಿನಾ ಟೀಚರ ಮಗ

ದುಬೈಯ ಡಿಸ್ಕವರಿ ಗಾರ್ಡನ್ಸಿನ ಆ ಪುಟ್ಟ ಫ್ಲ್ಯಾಟಿನಲ್ಲಿ ಊಟದ ಮೇಜು ಊಟಕ್ಕೆ ಒದಗುತ್ತಿದ್ದದ್ದು ಕಡಿಮೆ. ಅದರ ಮೇಲೆ ಸದಾ ನೋಟ್‌ಬುಕ್ಕುಗಳ ರಾಶಿ. ಮಾರ್ಟಿನಾ ಇಂಡಿಯನ್ ಶಾಲೆಯೊಂದರಲ್ಲಿ ಎರಡನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುವ ಟೀಚರ್. ಬೆಳಕು ಹರಿಯುವ ಮೊದಲೇ ಸ್ಟಾಫ್ ಬಸ್ಸು ಕೆಳಗೆ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಇಬ್ಬರು ಮಕ್ಕಳ ಟಿಫಿನ್ ಆಗಬೇಕು, ಮಗಳು ಜಾನಿಸಳ ಜಡೆ ಆಗಬೇಕು, ಮಗ ಫ್ಲಾಯ್ಡನ ಶೂ ಲೇಸು ಬಿಗಿಯಬೇಕು, ಹೋಟೆಲಿನ ರಾತ್ರಿಪಾಳಿ ಮುಗಿಸಿ ಬರುವ ಗಂಡ ಡೆನಿಸನಿಗೆ ತಿಂಡಿ ಮುಚ್ಚಿಡಬೇಕು. ಊರಿನವರು ‘ದುಬೈ ಟೀಚರ್’ ಎಂದು ಕರೆದು ಹೊಟ್ಟೆಕಿಚ್ಚು ಪಡುವಾಗ ಅವರ ಕಣ್ಣಿಗೆ ಕಾಣುವುದು ಏಸಿ ಕೋಣೆ. ದಿನವಿಡೀ ನಿಂತು ಊದಿಕೊಂಡ ಕಾಲು ಫೋಟೋದಲ್ಲಿ ಬರುವುದಿಲ್ಲವಲ್ಲ.

ಅವಳು ಒಳ್ಳೆಯ ಟೀಚರ್ ಎಂಬುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಅವಳ ಕ್ರಮ ಒಂದೇ: ಪಾಠವನ್ನು ಮೊದಲು ತಾನು ಸಾಲುಸಾಲಾಗಿ ಓದುವುದು, ಮಕ್ಕಳು ಹಿಂದಿನಿಂದ ಹೇಳುವುದು. ‘ನಾನು ಫಸ್ಟ್, ನೀವು ಸೆಕೆಂಡ್’ ಎನ್ನುವುದು ಅವಳ ಬಾಯಲ್ಲಿ ಎಷ್ಟು ಕೂತುಬಿಟ್ಟಿತ್ತೆಂದರೆ, ಮನೆಯಲ್ಲಿ ಸಾರಿನ ರುಚಿ ನೋಡುವಾಗಲೂ ಅದೇ ಮಾತು ಬರುತ್ತಿತ್ತು. ಮಕ್ಕಳು ನಗುತ್ತಿದ್ದರು.

ಕೊರೊನಾ ಬಂದಾಗ ಫ್ಲಾಯ್ಡನಿಗೆ ನಾಲ್ಕು ವರ್ಷ. ಶಾಲೆ ಮನೆಯೊಳಗೇ ಬಂತು. ಮೇಜಿನ ಈ ಕಡೆ ಮಾರ್ಟಿನಾ ಲ್ಯಾಪ್‌ಟಾಪಿನಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡಿದರೆ, ಆ ಕಡೆ ಫ್ಲಾಯ್ಡ್ ಟ್ಯಾಬಿನ ಮುಂದೆ ಕೂತು ಎಲ್‌ಕೆಜಿ ಕಲಿಯಬೇಕಿತ್ತು. ಎರಡು ಕ್ಲಾಸಿನ ಸದ್ದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆಂದು ಅವಳೇ ಅವನ ಟ್ಯಾಬಿನ ಧ್ವನಿ ತೀರಾ ಸಣ್ಣದು ಮಾಡಿದ್ದಳು. ಹುಡುಗ ಗಲಾಟೆ ಮಾಡಲಿಲ್ಲ. ಎ ಬಿ ಸಿ ತೋರಿಸುವ ತನ್ನ ಟೀಚರನ್ನು ಬಿಟ್ಟು ಎದುರಿಗಿದ್ದ ಅಮ್ಮನ ಬಾಯನ್ನೇ ನೋಡುತ್ತಾ ಕೂತ. ಹೀಗೆ ಎರಡು ವರ್ಷ ಕಳೆಯಿತು.

ಹಾಗಾಗಿ ಅವನು ಎರಡನೇ ಕ್ಲಾಸಿಗೆ ಬಂದಾಗ ಪುಸ್ತಕ ಹಿಡಿದು ನೀರು ಕುಡಿದಷ್ಟು ಸಲೀಸಾಗಿ ಓದಿದ. ಬೆರಳು ಸಾಲಿನ ಮೇಲೆ, ಕಣ್ಣು ಬೆರಳಿನ ಮೇಲೆ. ಡೆನಿಸ್ ವಿಡಿಯೋ ಮಾಡಿ ಊರಿಗೆಲ್ಲ ಕಳಿಸಿದ. ತಾಯಿಯ ಸೆಕ್ಷನಿಗೆ ಮಗುವನ್ನು ಹಾಕಬಾರದೆಂಬ ನಿಯಮವಿದ್ದುದರಿಂದ ಅವನು ಪಕ್ಕದ ಶಾರನ್ ಟೀಚರ ಸೆಕ್ಷನಿನಲ್ಲಿದ್ದ. ಟೀಚರ ಮಗನಲ್ಲವೇ ಎಂದು ಶಾರನ್ ಹೊಗಳಿದ್ದೇ ಹೊಗಳಿದ್ದು. ಬರವಣಿಗೆ ಮಾತ್ರ ಸ್ವಲ್ಪ ನಿಧಾನ ಎಂದಿದ್ದಳು. ಅಷ್ಟೇನಾ ಎಂದು ಮಾರ್ಟಿನಾ ಸುಮ್ಮನಾದಳು. ತಿದ್ದಲು ಮೂವತ್ತು ಮಕ್ಕಳ ನೋಟ್‌ಬುಕ್ ಕಾದಿರುವಾಗ, ಚೆನ್ನಾಗಿ ಓದುವ ಮಗನ ಬಳಿ ಕೂರಲು ಯಾರಿಗೆ ಪುರುಸೊತ್ತು?

ಅವಳ ಕ್ಲಾಸಿನ ಸಹಾಯಕಿ ಪ್ರಾಸಿ ಉಗಾಂಡಾದವಳು. ಅಲ್ಲಿ ಹಳ್ಳಿಯೊಂದರ ತಗಡಿನ ಮಾಡಿನ ಶಾಲೆಯಲ್ಲಿ ಅವಳೂ ಟೀಚರೇ. ಮಳೆ ಹೊಡೆದರೆ ತಗಡಿನ ಸದ್ದಿಗೆ ಪಾಠ ಕೇಳಿಸದು, ಆಗ ಎಲ್ಲರೂ ಸುಮ್ಮನೆ ಮಳೆ ನಿಲ್ಲುವುದನ್ನು ಕಾಯುತ್ತಿದ್ದರಂತೆ. ಚಿಕ್ಕವನನ್ನು ಬೆನ್ನಿಗೆ ಕಟ್ಟಿಕೊಂಡು, ದೊಡ್ಡವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಬೋರ್ಡಿನ ಮೇಲೆ ಬರೆದವಳು. ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಮಕ್ಕಳಿಬ್ಬರನ್ನೂ ತಾಯಿಯ ಬಳಿ ಬಿಟ್ಟು ಇಲ್ಲಿಗೆ ಬಂದು, ಬೇರೆಯವರ ಮಕ್ಕಳ ಮೂಗು ಒರೆಸುತ್ತಿದ್ದಾಳೆ. ಹೇಗೆ ಬಿಟ್ಟು ಬಂದೆ ಎಂದು ಮಾರ್ಟಿನಾ ಒಮ್ಮೆ ಕೇಳಿದ್ದಳು. ಪ್ರಾಸಿ ನಕ್ಕು ಬಣ್ಣದ ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿದಳು. ಸಂಜೆ ಬಸ್ಸಿನಲ್ಲಿ ಮಾರ್ಟಿನಾಗೆ, ಎಂಥ ಗಟ್ಟಿ ಎದೆಯಪ್ಪಾ, ನನ್ನಿಂದಾಗದು ಎನಿಸಿತ್ತು. ಹಾಗೆ ಅನಿಸಿದ್ದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಹೇಳದಿದ್ದರೆ ತಪ್ಪಾದೀತು.

ಜನವರಿಯ ಒಂದು ಭಾನುವಾರ ಊದ್ ಮೇಥಾದ ಚರ್ಚಿನಲ್ಲಿ ಮಕ್ಕಳ ಪೂಜೆ. ಐದು ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಒಂದೊಂದು ಪ್ರಾರ್ಥನೆ ಓದಬೇಕು. ಫ್ಲಾಯ್ಡನಿಗೆ ಸಿಕ್ಕಿದ್ದು ರೋಗಿಗಳಿಗಾಗಿ ಮಾಡುವ ಪ್ರಾರ್ಥನೆ. ಮಾರ್ಟಿನಾ ವಾರವಿಡೀ ಅಭ್ಯಾಸ ಮಾಡಿಸಿದ್ದಳು. ಆದರೆ ಹಿಂದಿನ ದಿನ ಒಂದು ಮಗುವಿಗೆ ಜ್ವರ ಬಂದು, ಮಕ್ಕಳಿಗೆ ಕ್ಯಾಟೆಕಿಸಂ ಎಂಬ ಧರ್ಮಪಾಠ ಕಲಿಸುವ ಅಮಿತಾ ಹಾಳೆಗಳ ಕ್ರಮ ಬದಲಿಸಿದಳು. ಪೂಜೆಗೆ ಮುಂಚೆ ಮಕ್ಕಳನ್ನು ಕರೆದು, ನಿಮ್ಮ ಸರದಿ ಬಂದಾಗ ಎದುರಿಗಿರುವ ಹಾಳೆ ನೋಡಿ ಓದಿ, ಅಷ್ಟೇ ಎಂದಳು. ಓದು ಬರುವ ಮಕ್ಕಳಿಗೆ ಅದೇನು ಕಷ್ಟ?

ಫ್ಲಾಯ್ಡ್ ಮಣೆ ಹತ್ತಿ ನಿಂತು ಹಾಳೆಯ ಮೇಲೆ ಬೆರಳಿಟ್ಟ. ಸ್ಪಷ್ಟವಾಗಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ರೋಗಿಗಳಿಗಾಗಿ ಪ್ರಾರ್ಥಿಸಿದ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಅವನ ಹಿಂದೆ ಬಂದ ಕ್ರಿಸ್ಟಿನಾ ಎಂಬ ಹುಡುಗಿ ತನ್ನ ಹಾಳೆ ನೋಡಿ ತಬ್ಬಿಬ್ಬಾದಳು, ತಿರುಗಿ ಅಮಿತಾಳನ್ನು ನೋಡಿದಳು, ಮತ್ತೆ ಅದೇ ರೋಗಿಗಳ ಪ್ರಾರ್ಥನೆಯನ್ನೇ ಓದಿದಳು. ಜನ ಮುಗುಳ್ನಕ್ಕರು. ಹಾಳೆ ಅದಲುಬದಲಾಗಿದೆ, ಮಕ್ಕಳಲ್ಲವೇ ಎಂದು ಪಕ್ಕದವರು ಪಿಸುಗುಟ್ಟಿದರು.

ಪೂಜೆ ಮುಗಿದ ಮೇಲೆ ಮಾರ್ಟಿನಾ ಮುಂದೆ ಹೋಗಿ ಹಾಳೆಗಳನ್ನು ನೋಡಿದಳು. ಹಾಳೆಗಳು ಅದಲುಬದಲಾಗಿರಲಿಲ್ಲ, ಅಮಿತಾ ಬದಲಿಸಿಟ್ಟ ಕ್ರಮದಲ್ಲೇ ಇದ್ದವು. ಫ್ಲಾಯ್ಡ್ ಬೆರಳಿಟ್ಟಿದ್ದ ಹಾಳೆಯಲ್ಲಿದ್ದದ್ದು ಪ್ರಯಾಣಿಕರಿಗಾಗಿ ಮಾಡುವ ಪ್ರಾರ್ಥನೆ. ದಪ್ಪ ಅಕ್ಷರ, ಎರಡನೇ ಕ್ಲಾಸಿನವರು ಓದುವಷ್ಟೇ ಸುಲಭದ ಮಾತು. ಅವನ ಬೆರಳು ಒಂದನ್ನು ಮುಟ್ಟುತ್ತಿದ್ದಾಗ ಬಾಯಿ ಇನ್ನೊಂದನ್ನು ಹೇಳುತ್ತಿತ್ತು.

ಮನೆಗೆ ಬಂದವಳು ಬಾಗಿಲ ಸಂದಿಯಲ್ಲಿ ಯಾರೋ ತೂರಿಸಿ ಹೋಗಿದ್ದ ಪಿಜ್ಜಾ ಅಂಗಡಿಯ ಕಾಗದ ತೆಗೆದು ಮಗನ ಮುಂದಿಟ್ಟು ಓದು ಎಂದಳು. ಫ್ಲಾಯ್ಡ್ ಕಾಗದ ನೋಡಲಿಲ್ಲ. ಅವಳ ಬಾಯನ್ನೇ ನೋಡಿದ.

“ಮಮ್ಮಿ, ಯೂ ಫಸ್ಟ್,” ಎಂದ.

ಅಕ್ಷರಗಳನ್ನು ಒಂದೊಂದಾಗಿ ತೋರಿಸಿದಳು. ಕೆಲವು ಗೊತ್ತು, ಕೆಲವು ಗೊತ್ತಿಲ್ಲ. ಮೂರು ಅಕ್ಷರ ಕೂಡಿಸಿ ಒಂದು ಪದ ಮಾಡಲು ಆಗಲಿಲ್ಲ. ಜಾನಿಸ್ ಬಾಗಿಲಲ್ಲಿ ನಿಂತು ಅಳತೊಡಗಿದಳು. ತಮ್ಮ ಒಂದನೇ ಕ್ಲಾಸಿನಲ್ಲಿದ್ದಾಗಿನಿಂದಲೇ ಅವಳಿಗೆ ಗೊತ್ತಿತ್ತಂತೆ. ವರ್ಕ್‌ಶೀಟುಗಳನ್ನು ಓದಿ ಹೇಳುತ್ತಿದ್ದವಳು ಅವಳೇ. ಕ್ಲಾಸಿನಲ್ಲಿ ಅವನು ಪಕ್ಕದವನದನ್ನು ಚಿತ್ರ ಬಿಡಿಸಿದ ಹಾಗೆ ನೋಡಿ ಬರೆಯುತ್ತಿದ್ದ. ಹೇಳಬಾರದೆಂದು ಅವನು ಆಣೆ ಹಾಕಿಸಿಕೊಂಡಿದ್ದ, ಯಾಕೆಂದರೆ ಮಮ್ಮಿ ಟೀಚರ್.

ಮಾರ್ಟಿನಾಗೆ ನಾಚಿಕೆಯಾಯಿತು. ಮೊದಲು ಆಗಿದ್ದು ನಾಚಿಕೆಯೇ. ದುಃಖ ಆಮೇಲೆ ಬಂತು. ಇಷ್ಟು ವರ್ಷದಲ್ಲಿ ಎಷ್ಟೋ ತಾಯಂದಿರನ್ನು ಎದುರಿಗೆ ಕೂರಿಸಿಕೊಂಡು, ಮಕ್ಕಳ ಜೊತೆ ದಿನಾ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಎಂದು ಬುದ್ಧಿ ಹೇಳಿದ ಬಾಯಿ ಅದು.

ಶಾಲೆಯಲ್ಲಿ ಪರೀಕ್ಷಿಸಿದರು. ಹುಡುಗನ ಬುದ್ಧಿ ಚುರುಕು, ಆದರೆ ಅಕ್ಷರ ಅವನಿಗೆ ಹಿಡಿತಕ್ಕೆ ಸಿಗುವುದಿಲ್ಲ, ಪಕ್ಕದಲ್ಲೇ ಕೂತು ಕಲಿಸುವವರು ಒಬ್ಬರು ಬೇಕು ಎಂದರು. ಆ ಒಬ್ಬರನ್ನು ತಂದೆತಾಯಿಯೇ ನೇಮಿಸಬೇಕು. ಮಾರ್ಟಿನಾ ಮತ್ತು ಡೆನಿಸ್ ದುಡಿದದ್ದು ಬಾಡಿಗೆಗೇ ಸರಿಹೋಗುತ್ತಿದ್ದಾಗ ಅದು ಆಗದ ಮಾತು. ಅವಳೇ ಕೆಲಸ ಬಿಟ್ಟು ಕಲಿಸೋಣವೆಂದರೆ, ಅವಳ ಕೆಲಸವಿದ್ದುದರಿಂದಲೇ ಮಕ್ಕಳಿಬ್ಬರಿಗೂ ಅಲ್ಲಿ ಸೀಟು. ಹೇಗೆ ತಿರುಗಿಸಿದರೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಹುಡುಗನನ್ನು ಊರಿಗೆ ಕಳಿಸುವುದು. ಮೂಡುಬಿದಿರೆಯ ಹತ್ತಿರ ಮಾರ್ಟಿನಾಳ ಅಕ್ಕ ಅಪೊಲೊನಿಯಾ ಒಬ್ಬಳೇ ಇದ್ದಾಳೆ, ಮನೆಯ ಪಕ್ಕದಲ್ಲೇ ಶಾಲೆ ಉಂಟು.

“ಮಾರ್ಚಿನವರೆಗೆ ನಂಗೆ ಬಿಡಿ,” ಎಂದಳು ಮಾರ್ಟಿನಾ. “ನಾನು ಟೀಚರ್. ನಾನೇ ಕಲಿಸ್ತೇನೆ.”

ಅಲ್ಲಿಂದ ಪ್ರತಿ ಸಂಜೆ ಅದೇ ಮೇಜು. ಒಂದು ಕಡೆ ತಿದ್ದಬೇಕಾದ ನೋಟ್‌ಬುಕ್ಕುಗಳು, ಇನ್ನೊಂದು ಕಡೆ ಮಗ. ಮೊದಮೊದಲು ಅವನು ಓದುತ್ತಿದ್ದಾನೆ ಅನಿಸುತ್ತಿತ್ತು. ಮರುದಿನ ಪದಗಳ ಜಾಗ ಬದಲಿಸಿದರೆ ಏನೂ ಇಲ್ಲ. ಅವಳು ಒಮ್ಮೆ ಬಾಯಿಬಿಟ್ಟರೆ ಸಾಕು, ಅದು ಅವನ ತಲೆಯಲ್ಲಿ ಕೂತುಬಿಡುತ್ತಿತ್ತು; ಬಾಯಿ ಮುಚ್ಚಿ ಕೂತರೆ ಅವನು ಒಂದು ಅಕ್ಷರವೂ ಮುಂದೆ ಹೋಗುತ್ತಿರಲಿಲ್ಲ. ಬಾಯಿ ಮುಚ್ಚಿ ಕಲಿಸುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಫೆಬ್ರವರಿಯ ಒಂದು ಸಂಜೆ ರಿಪೋರ್ಟ್ ಕಾರ್ಡುಗಳ ಒತ್ತಡದಲ್ಲಿ ತಾಳ್ಮೆ ತಪ್ಪಿತು. ಇಷ್ಟು ವರ್ಷ ನೀನು ಏನು ಮಾಡ್ತಿದ್ದೆ ಎಂದು ಕಿರುಚಿ ಅವನ ಕೈಗೆ ಸ್ಕೇಲಿನಿಂದ ಹೊಡೆದಳು.

“ನೀನು ಹೇಳಿದ್ದನ್ನೇ ಹೇಳ್ತಾ ಇದ್ದೆ,” ಎಂದ ಹುಡುಗ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ನಿದ್ದೆಗಣ್ಣಲ್ಲಿ ಎದ್ದು ಬಂದ ಡೆನಿಸ್ ಸ್ಕೇಲನ್ನು ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ. “ಸಾಕು ಮಾರಾಯ್ತಿ, ಖಲಾಸ್. ನೀನೂ ಸಾಯ್ತೀಯ, ಅವನನ್ನೂ ಸಾಯಿಸ್ತೀಯ. ನಿನ್ನ ಅಕ್ಕನಿಗೆ ಫೋನ್ ಮಾಡು,” ಎಂದ. ಅವನ ಮೇಲೆ ಸಿಟ್ಟು ಮಾಡಲೂ ಅವಳಿಂದ ಆಗಲಿಲ್ಲ, ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

ಮಾರ್ಚ್ ಕೊನೆಯಲ್ಲಿ ಶಾರನ್ ರಜೆಗೆ ಮಂಗಳೂರಿಗೆ ಹೊರಟಳು. ಹುಡುಗನನ್ನು ಕರೆದುಕೊಂಡು ಹೋಗಿ ಅಕ್ಕನ ಕೈಗೊಪ್ಪಿಸುವೆನೆಂದು ಅವಳೇ ಮುಂದೆ ಬಂದಳು. ತನ್ನ ಕ್ಲಾಸಿನಲ್ಲಿದ್ದೂ ಗೊತ್ತಾಗಲಿಲ್ಲವಲ್ಲ ಎಂಬ ಸಂಕಟ ಅವಳಿಗೂ ಇತ್ತು. ಏರ್‌ಪೋರ್ಟಿನಲ್ಲಿ ಫ್ಲಾಯ್ಡ್ ಅಳಲಿಲ್ಲ. ವಿಮಾನಗಳ ಹೆಸರು ಬರುವ ದೊಡ್ಡ ಬೋರ್ಡಿನ ಕೆಳಗೆ ತಲೆಯೆತ್ತಿ, ಸುತ್ತಲಿನ ದೊಡ್ಡವರು ನಿಂತ ಹಾಗೆಯೇ ಓದುವವನಂತೆ ನಿಂತ. ನೋಡಿದವರು ಯಾರೇ ಆದರೂ ಓದುತ್ತಿದ್ದಾನೆ ಎಂದೇ ಅಂದುಕೊಳ್ಳುತ್ತಿದ್ದರು. ಮಾರ್ಟಿನಾಗೆ ಓಡಿಹೋಗಿ ಅವನನ್ನು ಎತ್ತಿಕೊಂಡು ಮನೆಗೆ ತರಬೇಕೆನಿಸಿತು. ಡೆನಿಸ್ ಅವಳ ಮೊಣಕೈ ಹಿಡಿದಿದ್ದ.

ಏಪ್ರಿಲಿನಲ್ಲಿ ಹೊಸ ವರ್ಷದ ಕ್ಲಾಸು ಶುರುವಾಯಿತು. ಹೊಸ ಮಕ್ಕಳು, ಹೊಸ ನೋಟ್‌ಬುಕ್ಕುಗಳು. ಮೊದಲ ದಿನವೇ ಪಾಠ ತೆಗೆದು ‘ನಾನು ಫಸ್ಟ್’ ಎಂದವಳು ಅಲ್ಲಿಗೇ ಪುಸ್ತಕ ಮುಚ್ಚಿಟ್ಟಳು. ಪ್ರಾಸಿ ಮಕ್ಕಳಿಗೆ ಚಿತ್ರ ಬಿಡಿಸಲು ಹಾಳೆ ಹಂಚಿದಳು. ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಲ್ಲಿ ಅವಳು ಸಮಾಧಾನದ ಮಾತೇನೂ ಆಡಲಿಲ್ಲ. ಇಲ್ಲಿಗೆ ಬಂದ ಮೇಲೆ ಕಲಿತ ಹಿಂದಿಗೆ ಇಂಗ್ಲಿಷು ಬೆರೆಸಿ ಒಂದೇ ಒಂದು ವಿಷಯ ಹೇಳಿಕೊಟ್ಟಳು: ಮಲಗುವ ಹೊತ್ತಿಗೆ ಫೋನ್ ಮಾಡಬೇಡ, ಮಕ್ಕಳು ಅಳುತ್ತಾರೆ. ಊಟದ ಹೊತ್ತಿಗೆ ಮಾಡು, ಬಾಯಲ್ಲಿ ಅನ್ನ ಇದ್ದಾಗ ಅಳು ಕಡಿಮೆ. ಎಂಥ ಗಟ್ಟಿ ಎದೆ ಎಂದು ತಾನು ಅಂದುಕೊಂಡಿದ್ದವಳಿಂದಲೇ ಈಗ ಮಾರ್ಟಿನಾ ಇದನ್ನು ಕಲಿಯಬೇಕಾಯಿತು.

ಊರಿನ ಊಟದ ಹೊತ್ತೆಂದರೆ ಇಲ್ಲಿ ಇನ್ನೂ ಸಂಜೆ. ಅವಳು ನೋಟ್‌ಬುಕ್ಕುಗಳನ್ನು ಬದಿಗೆ ಸರಿಸಿ ದಿನವೂ ಫೋನ್ ಮಾಡಿದಳು. ಮೀನು ತಿಂದ ಸುದ್ದಿ, ಬೆಕ್ಕು ಮರಿ ಹಾಕಿದ ಸುದ್ದಿ. ಓದಿನ ಸುದ್ದಿ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜೂನ್ ಕೊನೆಯಲ್ಲಿ ಅಪೊಲೊನಿಯಾ ಒಂದು ವಿಡಿಯೋ ಕಳಿಸಿದಳು. ಅಲ್ಲಿ ಶಾಲೆ ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ. ಫ್ಲಾಯ್ಡ್ ಜಗಲಿಯ ಮೇಲೆ ಕೂತು ಕನ್ನಡ ಪುಸ್ತಕ ಬಿಡಿಸಿ, ಬೆರಳಿಟ್ಟು, ಪಾಠ ಓದುತ್ತಿದ್ದ. ಒಂದು ಕಡೆಯೂ ತಡವರಿಸಲಿಲ್ಲ. ಅದರ ಕೆಳಗೆ ಅಕ್ಕನ ವಾಯ್ಸ್ ಮೆಸೇಜು: “ನೋಡು, ನೀವು ಸುಮ್ನೆ ತಲೆಬಿಸಿ ಮಾಡ್ಕೊಂಡದ್ದು. ನಾನು ದಿನಾ ಜೊತೆಗೆ ಕೂತ್ಕೊಳ್ತೇನೆ. ಹುಡುಗ ಫಸ್ಟ್ ಕ್ಲಾಸ್ ಓದ್ತಾನೆ.”

ಡೆನಿಸನ ಕಣ್ಣಲ್ಲಿ ನೀರು ಬಂತು. ಡ್ಯೂಟಿಗೆ ಹೊರಟವನು ಬಾಗಿಲಲ್ಲೇ ನಿಂತು ಅದನ್ನು ಎಲ್ಲರಿಗೂ ಕಳಿಸಿದ. ಮಾರ್ಟಿನಾ ಮತ್ತೆ ನೋಡಿದಳು. ಅಪೊಲೊನಿಯಾ ಸಂಜೆ ಜಪಮಾಲೆ ಹಿಡಿದು ತೇರ್ಸ ಹೇಳಿಕೊಡುವಾಗ ಅರ್ಧ ಹೇಳಿ, ಉಳಿದವರು ಮುಂದುವರಿಸಲೆಂದು ಒಂದು ಉಸಿರು ನಿಲ್ಲಿಸುತ್ತಾಳೆ. ಚಿಕ್ಕಂದಿನಿಂದ ಆ ಪ್ರಾರ್ಥನೆಯಲ್ಲಿ ಮೊಣಕಾಲೂರಿ ಬೆಳೆದ ಮಾರ್ಟಿನಾಗೆ ಆ ನಿಲುಗಡೆ ಗೊತ್ತು. ಫ್ಲಾಯ್ಡ್ ಪ್ರತಿ ಸಾಲನ್ನೂ ಅರ್ಧಕ್ಕೆ, ಸರಿಯಾಗಿ ಅಷ್ಟೇ ಹೊತ್ತು ನಿಲ್ಲಿಸುತ್ತಿದ್ದ. ಪುಟದ ಕೊನೆಗೆ ಬಂದ ಮೇಲೂ ಬೆರಳು ಅಲ್ಲೇ ಉಳಿಯಿತು, ಬಾಯಿ ಮುಂದಿನ ಪುಟಕ್ಕೆ ಹೋಯಿತು. ಹಾಳೆ ಮಗುಚಿದ್ದು ಆಮೇಲೆ.

ಅಲ್ಲಿ ಊಟದ ಹೊತ್ತಾಗಿತ್ತು. ಫೋನ್ ಮಾಡಿದಳು. ಫ್ಲಾಯ್ಡ್ ಬಟ್ಟಲಿನ ಮುಂದೆ ಕೂತಿದ್ದ. ಅವನು ಮೌಶಿ ಎಂದು ಕರೆಯುವ ದೊಡ್ಡಮ್ಮ ಅಪೊಲೊನಿಯಾ ಸಾರು ತರಲು ಒಳಗೆ ಹೋಗುವವರೆಗೆ ಮಾರ್ಟಿನಾ ಬೆಕ್ಕಿನ ಮರಿಗಳ ವಿಷಯ ಮಾತಾಡಿದಳು. ಆಮೇಲೆ ಧ್ವನಿ ಇಳಿಸಿ, “ಪುತಾ, ಮೌಶಿ ಫಸ್ಟಾ?” ಎಂದು ಕೇಳಿದಳು.

ಹುಡುಗ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಅಡುಗೆಮನೆಯ ಕಡೆ ನೋಡಿದ. ಫೋನಿಗೆ ತೀರಾ ಹತ್ತಿರ ಬಂದ.

“ಮಮ್ಮಿ, ಮೌಶಿಗೆ ಹೇಳ್ಬೇಡ,” ಎಂದ. “ಹೇಳಿದ್ರೆ ಇಲ್ಲಿಂದ ಎಲ್ಲಿಗೆ ಕಳಿಸ್ತಾರೆ?”

ಸಾರಿನ ಪಾತ್ರೆ ಹಿಡಿದು ಬಂದ ಅಪೊಲೊನಿಯಾ, ತಾಯಿ ಮಗನದ್ದು ಎಂತ ಗುಟ್ಟು ಎಂದು ನಗುತ್ತಾ ಕೇಳಿದಳು. ಹುಡುಗ ಫೋನಿನೊಳಗಿನ ಅಮ್ಮನ ಬಾಯನ್ನೇ ನೋಡುತ್ತಿದ್ದ.

“ಎಂತ ಇಲ್ಲ ಅಕ್ಕಾ,” ಎಂದಳು ಮಾರ್ಟಿನಾ. “ಚೆನ್ನಾಗಿ ಓದ್ತಾನೆ ಅಂತ ಹೇಳಿದೆ.”