ತಂಬೂರಿ ನಿಂತ ಮೇಲೂ ಉಳಿದ ‘ಸಾ’

ಕರೆಂಟು ಹೋಗಿ ವಿದ್ಯುತ್ ತಂಬೂರಿ ತಟ್ಟನೆ ನಿಂತಿತು. ರಾಯಬಾಗದಲ್ಲಿ ಸಂಗೀತ ಶಿಕ್ಷಕರ ಬೇಸಿಗೆ ಕಾರ್ಯಾಗಾರ. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಮುಚ್ಚಿ ‘ಸಾ’ ಹಿಡಿದು ಕೂತಿದ್ದ ನಾವೆಲ್ಲ ಹಾಗೆಯೇ ಮುಂದುವರಿಸಿದೆವು. ಆದರೆ ಉಸಿರು ಸಾಲದೆ ಒಬ್ಬೊಬ್ಬರದೇ ದನಿ ಕಡಿಯಿತು; ನನ್ನದೂ ನಿಂತಿತು. ‘ಸಾ’ ಮಾತ್ರ ಕೋಣೆಯಲ್ಲಿ ತೇಲುತ್ತಲೇ ಇತ್ತು, ಕಬ್ಬಿನ ಗದ್ದೆಯ ಮೇಲೆ ನಡುಗುವ ಬಿಸಿಗಾಳಿಯ ಹಾಗೆ. ಎಷ್ಟು ಹೊತ್ತೋ ತಿಳಿಯದು. ಕಣ್ಣು ತೆರೆಯಲು ಮನಸ್ಸೇ ಬರಲಿಲ್ಲ.

ತೆರೆದಾಗ ಬಾಗಿಲಲ್ಲಿ ನಮಗೆ ದಿನವೂ ಚಹಾ ತರುವ ಅಲಖನೂರಿನ ಅಜ್ಜಿ ಕಿಟ್ಲಿ ಹಿಡಿದು ನಿಂತಿದ್ದಳು. ದನಿ ಅವಳದು.

“ಎಷ್ಟ ಚಂದ ಹಾಡ್ತೀಯಬೇ!” ಎಂದೆ.

“ನನಗೆಲ್ಲಿ ಹಾಡಾಕ ಬರ್ತೈತ್ರಿ? ನಮ್ಮಪ್ಪನ ಡೊಳ್ಳಿನ ಮ್ಯಾಳದಾಗ ಹಿಂದ ನಿಂತು ಸೂರ ಹಿಡೀತಿದ್ದೆ,” ಎಂದಳು. ಮುಂದೆ ಹಾಡುವವರಿಗಾಗಿ ಒಂದೇ ಸ್ವರವನ್ನು ಬಿಡದೆ ಎಳೆಯುವ ಕೆಲಸವದು. ಚಹಾ ಬಗ್ಗಿಸುತ್ತ ತಾನೇ ಕೇಳಿದಳು: “ಹಿಂದಿನವರು ಸುಮ್ಮನಾದ್ರ ಮುಂದಿನವರು ಯಾತರ ಮ್ಯಾಲ ನಿಂದರಬೇಕ್ರಿ?”



ಜೂನ್‌ನಲ್ಲಿ ಶಾಲೆ ತೆರೆದ ದಿನ ಒಬ್ಬ ಹುಡುಗಿಯನ್ನು ಹುಡುಕಿ ಕರೆದೆ. ದನಿ ಒರಟೆಂದು ನಾನೇ ಅವಳನ್ನು ಪ್ರಾರ್ಥನೆಯ ಹಿಂದಿನ ಸಾಲಿಗೆ ಕಳಿಸಿ, ತುಟಿಯಷ್ಟೇ ಆಡಿಸು ಎಂದಿದ್ದೆ. “ಸಾ ಹಿಡಿಯವ್ವಾ” ಎಂದೆ. ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ಮೂರು ವರ್ಷ ನಾನು ಕಲಿಸಿದಂತೆಯೇ, ತುಟಿಯಷ್ಟೇ ಆಡಿತು.